ನಾವಿಲ್ಲದಾಗ ಪ್ರೋಗ್ರಾಂ ನೋಡಿಕೊಳ್ಳುವವರು ಯಾರು? ನೋಹಪ್, ಟೀಮಕ್ಸ್, ಸಿಸ್ಟಮ್‌ಡಿ, ಸೂಪರ್‌ವೈಸರ್, ಪಿಎಂ2, ಡಾಕರ್: ಒಂದು ಹೋಲಿಕೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಗುರುವಾರ ರಜೆ. ನಿಪ್ಪಾಣಿ ಕಡೆಯ ಒಬ್ಬ ಕಾಕಾ ಅಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುತ್ತಾರೆ. ನಾಲ್ಕು ಸಿಎನ್‌ಸಿ ಮಷೀನು. ಯಾವ ಮಷೀನಿನಲ್ಲಿ ಎಷ್ಟು ಪೀಸ್ ಆಯಿತು ಅಂತ ಎಣಿಸುವ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಆಫೀಸಿನ ಮೂಲೆಯ ಹಳೆ ಡೆಸ್ಕ್‌ಟಾಪ್‌ಗೆ ಉಬುಂಟು ಲಿನಕ್ಸ್ ಹಾಕಿ, ನೋಹಪ್ ಎಂಬ ಕಮಾಂಡ್ ಕೊಟ್ಟು ಓಡಿಸಿ ಬಂದಿದ್ದೆ. ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ಗುರುವಾರ ರಿಪೇರಿಗೆ ಅಂತ ಕರೆಂಟ್ ತೆಗೆದರು. ಸಂಜೆ ಕರೆಂಟ್ ಬಂತು, ಕಂಪ್ಯೂಟರ್ ತಾನಾಗಿ ಆನ್ ಆಯಿತು. ಪ್ರೋಗ್ರಾಂ ಮಾತ್ರ ಏಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಾಕಾ ಫೋನ್ ಮಾಡಿದರು. "ಏನಪಾ, ಮುಂಜಾನಿಂದ ಲೆಕ್ಕ ಸೊನ್ನೀನ ತೋರಸಾಕತ್ತೈತಲ್ಲ?"

ಒಂದು ಶಿಫ್ಟಿನ ಲೆಕ್ಕ ಹೋಗಿತ್ತು. ತಪ್ಪು ನನ್ನದೇ. ಪ್ರೋಗ್ರಾಂ ಸರಿಯಾಗೇ ಇತ್ತು, ಅದನ್ನು ನೋಡಿಕೊಳ್ಳುವವರನ್ನು ನಾನು ಇಟ್ಟಿರಲಿಲ್ಲ.

ಪುಣೆಯ ಐಟಿ ಪ್ರದೇಶ ಹಿಂಜವಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಹುಡುಗರು ನನ್ನನ್ನು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ಗೋವಾದ ಕಾಣಕೋಣದಲ್ಲಿ ಹೋಂಸ್ಟೇ ನಡೆಸುವ ಕಾರವಾರದ ಗೆಳೆಯನೂ ಕೇಳಿದ್ದ. "ಸರ್ವರ್‌ನಲ್ಲಿ ಪ್ರೋಗ್ರಾಂ ಬಿಡದೆ ಓಡಬೇಕು. ಯಾವುದರಲ್ಲಿ ಓಡಿಸಲಿ?" ಒಬ್ಬ ಪಿಎಂ2 ಅನ್ನುತ್ತಾನೆ, ಇನ್ನೊಬ್ಬ ಡಾಕರ್ ಅನ್ನುತ್ತಾನೆ, ಮತ್ತೊಬ್ಬ ಟೀಮಕ್ಸ್ ಸಾಕು ಅನ್ನುತ್ತಾನೆ. ಎಲ್ಲವೂ ಪುಕ್ಕಟೆ ಸಿಗುವಂಥವೇ. ಹಾಗಾಗಿ ಇಲ್ಲಿ ಬಜೆಟ್ ಅಂದರೆ ರೂಪಾಯಿಗಿಂತ ಜಾಸ್ತಿ ಸರ್ವರ್‌ನ ರ‍್ಯಾಮ್ ಮತ್ತು ನಿಮ್ಮ ನಿದ್ದೆ.

ಒಂದು ಮಾತು. ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ನೀವು ಲಾಗೌಟ್ ಆದರೆ ಪ್ರೋಗ್ರಾಂ ಉಳಿಯುತ್ತದಾ? ಕ್ರ್ಯಾಶ್ ಆದರೆ ಯಾರಾದರೂ ಮತ್ತೆ ಎಬ್ಬಿಸುತ್ತಾರಾ? ಮಷೀನ್ ರೀಬೂಟ್ ಆದರೆ ತಾನಾಗಿ ಶುರುವಾಗುತ್ತದಾ? ಈ ಮೂರು ಮೊದಲು. ನಮ್ಮಲ್ಲಿ ಮೂರನೆಯದೇ ಮುಖ್ಯ ಅಂತ ನನಗೆ ಅನಿಸುತ್ತದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ, ಅಲ್ವಾ?

ಆಮೇಲೆ ಲಾಗ್, ಅಂದರೆ ಪ್ರೋಗ್ರಾಂ ಬರೆದಿಡುವ ದಿನಚರಿ. ರಾತ್ರಿ ಎರಡಕ್ಕೆ ಏನಾಯಿತು ಅಂತ ಬೆಳಿಗ್ಗೆ ನೋಡಲು ಸಿಗಬೇಕು, ಅದೇ ಲಾಗ್ ಡಿಸ್ಕ್ ತುಂಬಿಸಿ ಮಷೀನನ್ನೇ ಮಲಗಿಸಬಾರದು. ಹಾಗೇ, ನಿಲ್ಲಿಸು ಅಂದರೆ ನಿಜವಾಗಿ ನಿಲ್ಲಬೇಕು, ಅದು ಹುಟ್ಟಿಸಿದ ಮಕ್ಕಳ ಪ್ರೊಸೆಸ್‌ಗಳೂ (ಓಡುತ್ತಿರುವ ಪ್ರೋಗ್ರಾಂಗಳು) ಸೇರಿ.

ಕೊನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ನೀವು ಊರಿಗೆ ಹೋದಾಗ ಇದನ್ನು ಯಾರು ನೋಡುತ್ತಾರೆ? ಅವರಿಗೆ ಎಷ್ಟು ಕಮಾಂಡ್ ಹೇಳಿಕೊಡಬೇಕಾಗುತ್ತದೆ?

ನೋಹಪ್: ಒಂದು ಸಲದ ಕೆಲಸಕ್ಕೆ

ಟರ್ಮಿನಲ್ ಮುಚ್ಚಿದಾಗ ಅದರಲ್ಲಿ ಓಡುತ್ತಿದ್ದ ಪ್ರೊಸೆಸ್‌ಗೆ ಸಾಮಾನ್ಯವಾಗಿ ಹ್ಯಾಂಗಪ್ ಎಂಬ ಸಿಗ್ನಲ್ ಹೋಗುತ್ತದೆ. ಟೆಲಿಫೋನ್ ಲೈನಿನಲ್ಲಿ ಕಂಪ್ಯೂಟರಿಗೆ ಸೇರುತ್ತಿದ್ದ ಕಾಲದ ಹೆಸರು ಅದು. ಲೈನ್ ಕಟ್ಟಾಯಿತು, ನೀನೂ ಮುಗಿಸು ಅಂತ ಅರ್ಥ. ನೋಹಪ್ ಆ ಸಿಗ್ನಲ್‌ಗೆ ಪ್ರೊಸೆಸ್ಸನ್ನು ಕಿವುಡಾಗಿಸುತ್ತದೆ. ಪ್ರೋಗ್ರಾಂ ಬರೆಯುವ ಸಾಲುಗಳು ನೋಹಪ್.ಔಟ್ ಎಂಬ ಫೈಲಿಗೆ ಬೀಳುತ್ತವೆ. ಅದರ ಕೆಲಸ ಅಷ್ಟೇ. ಕ್ರ್ಯಾಶ್ ಆದರೆ ಎಬ್ಬಿಸುವುದಿಲ್ಲ, ರೀಬೂಟ್ ಆದರೆ ನೆನಪೂ ಇರುವುದಿಲ್ಲ. ಆ ಫೈಲ್ ಬೆಳೆಯುತ್ತಲೇ ಹೋಗುತ್ತದೆ. ದೊಡ್ಡ ಬ್ಯಾಕಪ್ ಕಾಪಿ ಮಾಡಬೇಕು, ಡೇಟಾಬೇಸಿಗೆ ಎರಡು ಗಂಟೆ ಇಂಪೋರ್ಟ್ ನಡೆಯಬೇಕು ಅಂದರೆ ಖಂಡಿತ ಬಳಸಿ. ದಿನಾ ಓಡಬೇಕಾದದ್ದಕ್ಕೆ ಬೇಡ.

ಟೀಮಕ್ಸ್: ನೀವು ಮುಂದೆ ಕೂತಿರುವಾಗ

ಪುಣೆಯಿಂದ ಮುಂಬೈಗೆ ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡಿದವರಿಗೆ ಖಂಡಾಳಾ ಘಾಟಿನ ಸುರಂಗಗಳು ಗೊತ್ತು. ನೆಟ್‌ವರ್ಕ್ ಹೋಗುತ್ತದೆ, ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಸೇರುವ ಸಂಪರ್ಕ) ಕಡಿಯುತ್ತದೆ, ಅರ್ಧ ಆಗಿದ್ದ ಅಪ್‌ಡೇಟ್ ಅಲ್ಲೇ ಸಾಯುತ್ತದೆ. ಟೀಮಕ್ಸ್ ಒಳಗೆ ಕೆಲಸ ಶುರು ಮಾಡಿದ್ದರೆ ಅದು ಸರ್ವರ್‌ನಲ್ಲಿ ನಡೆಯುತ್ತಲೇ ಇರುತ್ತದೆ. ಕರ್ಜತ್ ದಾಟಿದ ಮೇಲೆ ಮತ್ತೆ ಸೇರಿ, ಟೀಮಕ್ಸ್ ಅಟ್ಯಾಚ್ ಅಂದರೆ ಪರದೆ ಬಿಟ್ಟಲ್ಲೇ ಸಿಗುತ್ತದೆ. ಇದೇ ಕೆಲಸಕ್ಕೆ 1987ರಿಂದ ಸ್ಕ್ರೀನ್ ಎಂಬ ಸಾಧನ ಇದೆ, ಟೀಮಕ್ಸ್ ಬಂದದ್ದು 2007ರಲ್ಲಿ. ಎರಡರಲ್ಲಿ ಯಾವುದು ಕೈಗೆ ಹತ್ತಿದೆಯೋ ಅದು ಸರಿ.

ನನಗೆ ಟೀಮಕ್ಸ್ ಇಲ್ಲದೆ ದಿನ ಹೋಗುವುದಿಲ್ಲ. ಆದರೆ ಸರ್ವಿಸ್, ಅಂದರೆ ಹಿಂದೆ ಬಿಡದೆ ಓಡುವ ಪ್ರೋಗ್ರಾಂ, ಓಡಿಸಲು ಇದು ಜಾಗ ಅಲ್ಲ. ರೀಬೂಟ್ ಆದರೆ ಸೆಷನ್‌ಗಳು ಹೋದವು. ಇನ್ನೂ ಒಂದಿದೆ. ಕೆಲವು ಸಿಸ್ಟಮ್‌ಗಳಲ್ಲಿ ಬಳಕೆದಾರ ಲಾಗೌಟ್ ಆದ ಕೂಡಲೇ ಅವನ ಎಲ್ಲ ಪ್ರೊಸೆಸ್‌ಗಳನ್ನೂ ಮುಗಿಸುವ ಸೆಟ್ಟಿಂಗ್ ಆನ್ ಇರುತ್ತದೆ. ಕಿಲ್‌ಯೂಸರ್‌ಪ್ರೊಸೆಸಸ್ ಅಂತ ಅದರ ಹೆಸರು. ಅಲ್ಲಿ ಟೀಮಕ್ಸ್ ಕೂಡ ಹೋಗುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಸೆಷನ್ನೇ ಇಲ್ಲ ಅನ್ನುವವರು ಮೊದಲು ಇದನ್ನು ನೋಡಿ.

ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್‌ನ @ರೀಬೂಟ್ ಸಾಲನ್ನೂ ಕೆಲವರು ಹೇಳುತ್ತಾರೆ. ಮಷೀನ್ ಏಳುವಾಗ ಒಮ್ಮೆ ಪ್ರೋಗ್ರಾಂ ಶುರು ಮಾಡುತ್ತದೆ, ಅಲ್ಲಿಗೆ ಅದರ ಜವಾಬ್ದಾರಿ ಮುಗಿಯಿತು. ಐದು ನಿಮಿಷದ ನಂತರ ಕ್ರ್ಯಾಶ್ ಆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಸಿಸ್ಟಮ್‌ಡಿ: ಮೊದಲೇ ಮನೆಯಲ್ಲಿರುವ ಕಾವಲುಗಾರ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರಿಗೆ ಕೊನೆಗೆ ಬೇಕಾಗುವುದು ಇದೇ. 2010ರಲ್ಲಿ ಬಂತು. 2011ರಲ್ಲಿ ಫೆಡೋರಾ 15, 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಇದನ್ನೇ ಮುಖ್ಯವಾಗಿ ಇಟ್ಟುಕೊಂಡವು. ಅಂದರೆ ಇವತ್ತು ನೀವು ತೆಗೆದುಕೊಳ್ಳುವ ಹೆಚ್ಚಿನ ಲಿನಕ್ಸ್ ಸರ್ವರ್‌ಗಳಲ್ಲಿ ಇದು ಆಗಲೇ ಓಡುತ್ತಿದೆ. ಒಂದನೇ ನಂಬರಿನ ಪ್ರೊಸೆಸ್ ಇದೇ. ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ರ‍್ಯಾಮ್ ಹೆಚ್ಚುವರಿ ಖರ್ಚಾಗುವುದಿಲ್ಲ.

ಹತ್ತು ಸಾಲಿನ ಒಂದು ಫೈಲ್ ಬರೆಯಬೇಕು. ಯಾವ ಪ್ರೋಗ್ರಾಂ, ಯಾವ ಫೋಲ್ಡರ್, ಯಾವ ಬಳಕೆದಾರನ ಹೆಸರಲ್ಲಿ, ಬಿದ್ದರೆ ಏನು ಮಾಡಬೇಕು. ಅದನ್ನು /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್ ಒಳಗೆ ಇಟ್ಟು, ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್ ಕೊಟ್ಟು, ಆಮೇಲೆ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಅಂದರೆ ಆಯಿತು. ಸ್ಟಾರ್ಟ್ ಅಂದರೆ ಈಗ ಶುರು ಮಾಡು. ಎನೇಬಲ್ ಅಂದರೆ ಮುಂದೆ ಪ್ರತಿ ಬೂಟ್‌ಗೂ ಶುರು ಮಾಡು. --ನೌ ಸೇರಿಸಿದರೆ ಎರಡೂ ಒಟ್ಟಿಗೆ. ಬರೀ ಸ್ಟಾರ್ಟ್ ಕೊಟ್ಟು ಎನೇಬಲ್ ಮರೆತವರನ್ನು ನಾನು ಬಹಳ ನೋಡಿದ್ದೇನೆ. ರೀಬೂಟ್ ಆಗುವ ತನಕ ಅದು ಗೊತ್ತಾಗುವುದೇ ಇಲ್ಲ.

ಕಾಕಾರ ವರ್ಕ್‌ಶಾಪಿಗೆ ಹೋಗಿ ನಾನು ಮಾಡಿದ್ದು ಇದನ್ನೇ. ರೀಸ್ಟಾರ್ಟ್=ಆನ್-ಫೇಲ್ಯೂರ್ ಅಂತ ಬರೆದೆ, ಏಕೆಂದರೆ ಏನೂ ಬರೆಯದಿದ್ದರೆ ಸಿಸ್ಟಮ್‌ಡಿ ಬಿದ್ದದ್ದನ್ನು ಎತ್ತುವುದಿಲ್ಲ. ರೀಬೂಟ್ ಮಾಡಿ ನೋಡಿದೆ. ಪ್ರೋಗ್ರಾಂ ಮತ್ತೆ ಸತ್ತಿತ್ತು! ಸ್ಟೇಟಸ್ ನೋಡಿದರೆ "ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ" ಅಂತ ಇತ್ತು, ಅಂದರೆ ಬೇಗ ಬೇಗ ಬಹಳ ಸಲ ಶುರು ಮಾಡಿಸಿದ್ದೀರಿ ಅಂತ.

ಆಗಿದ್ದು ಹೀಗೆ. ಮಷೀನುಗಳ ಜೊತೆ ಮಾತಾಡುವ ನೆಟ್‌ವರ್ಕ್ ಸ್ವಿಚ್ ಏಳಲು ಅರ್ಧ ನಿಮಿಷ ಬೇಕು. ಅಷ್ಟರೊಳಗೆ ನನ್ನ ಪ್ರೋಗ್ರಾಂ ಎದ್ದು, ಸಂಪರ್ಕ ಸಿಗದೆ ಬಿತ್ತು. ಸಿಸ್ಟಮ್‌ಡಿ 100 ಮಿಲಿಸೆಕೆಂಡ್ ಬಿಟ್ಟು ಎಬ್ಬಿಸಿತು, ಮತ್ತೆ ಬಿತ್ತು. ಹೀಗೆ ಐದು ಸಲ, ಎರಡು-ಮೂರು ಸೆಕೆಂಡಿನಲ್ಲಿ. 10 ಸೆಕೆಂಡಿನೊಳಗೆ 5 ಸಲಕ್ಕಿಂತ ಹೆಚ್ಚು ಶುರು ಮಾಡಬಾರದು ಅನ್ನುವುದು ಅದರ ಮೂಲ ಲೆಕ್ಕ. ಐದಾದ ಮೇಲೆ ಅದು ಕೈಬಿಟ್ಟಿತು. ನಾನು ಸೇರಿಸಿದ್ದು ಒಂದೇ ಸಾಲು: ರೀಸ್ಟಾರ್ಟ್‌ಸೆಕ್=10. ಈಗ ಎರಡು ಪ್ರಯತ್ನಗಳ ನಡುವೆ ಹತ್ತು ಸೆಕೆಂಡ್ ಬಿಡುವು ಇರುವುದರಿಂದ ಆ ಮಿತಿ ಮುಟ್ಟುವುದೇ ಇಲ್ಲ. ಸ್ವಿಚ್ ಏಳುವ ತನಕ ತಾಳ್ಮೆಯಿಂದ ಪ್ರಯತ್ನ ಮಾಡುತ್ತಿರುತ್ತದೆ. ನೀವು ಸಿಸ್ಟಮ್‌ಡಿ ಆರಿಸಿದರೆ ಈ ಒಂದು ಸಾಲನ್ನು ದಯವಿಟ್ಟು ಮೊದಲ ದಿನವೇ ಬರೆಯಿರಿ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಟರ್ಮಿನಲ್‌ನಲ್ಲಿ ಓಡುವುದು ಸರ್ವಿಸ್ ಆಗಿ ಓಡುವುದಿಲ್ಲ. ಕಾರಣ, ಟರ್ಮಿನಲ್ ತೆರೆದಾಗ ಓದುವ ನಿಮ್ಮ ಬ್ಯಾಷ್‌ಆರ್‌ಸಿ ಸೆಟ್ಟಿಂಗ್ ಫೈಲನ್ನು ಸಿಸ್ಟಮ್‌ಡಿ ಓದುವುದಿಲ್ಲ. ಅಲ್ಲಿ ನೀವಿಟ್ಟ ದಾರಿಗಳು, ಪಾಸ್‌ವರ್ಡ್‌ಗಳು ಅದಕ್ಕೆ ಗೊತ್ತಿಲ್ಲ. ಪ್ರೋಗ್ರಾಮಿನ ಪೂರ್ತಿ ವಿಳಾಸ ಕೊಡಿ. ಪೈಥಾನ್ ಆದರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಪ್ರೋಗ್ರಾಮಿನದೇ ಲೈಬ್ರರಿಗಳ ಫೋಲ್ಡರ್) ಒಳಗಿನ ಪೈಥಾನ್‌ನದೇ ವಿಳಾಸ. ಸ್ಟೇಟಸ್‌ನಲ್ಲಿ 203 ಅಂತ ಕಂಡರೆ, ಹೇಳಿದ ಫೈಲನ್ನು ಅದಕ್ಕೆ ಓಡಿಸಲು ಆಗಲಿಲ್ಲ ಅಂತ ಅರ್ಥ: ವಿಳಾಸ ತಪ್ಪಿರಬೇಕು, ಇಲ್ಲ ಅನುಮತಿ ಇಲ್ಲ.

ಲಾಗ್ ವಿಷಯದಲ್ಲಿ ನನಗೆ ಇದು ಬಹಳ ಇಷ್ಟ. ಜರ್ನಲ್‌ಸಿಟಿಎಲ್ -ಯು ಅಂತ ಸರ್ವಿಸಿನ ಹೆಸರು ಕೊಟ್ಟರೆ ಅದರದಷ್ಟೇ ಲಾಗ್ ಬರುತ್ತದೆ, -ಎಫ್ ಸೇರಿಸಿದರೆ ಹೊಸ ಸಾಲುಗಳು ಬರುತ್ತಾ ಇರುತ್ತವೆ. ಡಿಸ್ಕ್ ತುಂಬುವ ಭಯ ಕಡಿಮೆ. ಡಿಸ್ಕಿನಲ್ಲಿ ಇಡುವ ಜರ್ನಲ್, ಅಂದರೆ ಸಿಸ್ಟಮ್‌ಡಿಯ ಲಾಗ್, ಮೂಲ ಸೆಟ್ಟಿಂಗಿನಲ್ಲಿ ಅದು ಇರುವ ಡಿಸ್ಕ್ ಭಾಗದ 10%, ಅದೂ ಗರಿಷ್ಠ 4 ಜಿಬಿ ದಾಟುವುದಿಲ್ಲ.

ನಿಲ್ಲಿಸುವುದರಲ್ಲೂ ಇದು ಗಟ್ಟಿ. ಸ್ಟಾಪ್ ಅಂದರೆ ಮೊದಲು ಟರ್ಮ್ ಸಿಗ್ನಲ್, ಅಂದರೆ 15. ಕೆಲಸ ಮುಗಿಸಿಕೋ ಅಂತ. ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ. ಆಗಲೂ ನಿಲ್ಲದಿದ್ದರೆ 9, ಅಂದರೆ ಕಿಲ್. ಸರ್ವಿಸ್ ಹುಟ್ಟಿಸಿದ ಪ್ರೊಸೆಸ್‌ಗಳೆಲ್ಲ ಒಂದೇ ಸಿಗ್ರೂಪ್‌ನಲ್ಲಿ (ಲಿನಕ್ಸ್ ಕಟ್ಟುವ ಪ್ರೊಸೆಸ್ ಗುಂಪು) ಇರುವುದರಿಂದ ಮಕ್ಕಳು ಮೊಮ್ಮಕ್ಕಳು ಯಾರೂ ತಪ್ಪಿಸಿಕೊಳ್ಳುವುದಿಲ್ಲ. 1 ಜಿಬಿ ರ‍್ಯಾಮ್‌ನ ಅಗ್ಗದ ಸರ್ವರ್ ಇರುವ ವಿದ್ಯಾರ್ಥಿಗಳು ರ‍್ಯಾಮ್‌ಗೆ ಮಿತಿ ಹಾಕುವ ಮೆಮೊರಿಮ್ಯಾಕ್ಸ್ ಸಾಲನ್ನೂ ಬರೆದುಕೊಳ್ಳಿ. ಒಂದು ಪ್ರೋಗ್ರಾಂ ಹುಚ್ಚೆದ್ದು ರ‍್ಯಾಮ್ ತಿಂದರೂ ಇಡೀ ಮಷೀನ್ ಸಾಯುವುದಿಲ್ಲ.

ಆಫೀಸಿನ ಸರ್ವರ್‌ನಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಅನುಮತಿ ಇಲ್ಲವಾ? ಸಿಸ್ಟಮ್‌ಸಿಟಿಎಲ್ --ಯೂಸರ್ ಇದೆ, ನಿಮ್ಮದೇ ಹೆಸರಲ್ಲಿ ಸರ್ವಿಸ್ ಇಡಬಹುದು. ಲಾಗಿನ್ ಆಗದೆ ಕೂಡ ಅದು ಓಡಬೇಕಾದರೆ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಆಗಬೇಕು. ಅದಕ್ಕೆ ಮಾತ್ರ ಅಡ್ಮಿನ್ ಸಹಾಯ ಬೇಕಾಗಬಹುದು.

ಕಷ್ಟ ಏನೆಂದರೆ ಮೊದಲ ಫೈಲ್ ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ, ಸಾಲುಗಳ ಹೆಸರು ನೆನಪಿರುವುದಿಲ್ಲ. ಎರಡನೆಯದಕ್ಕೆ ಮೊದಲನೆಯದನ್ನು ಕಾಪಿ ಮಾಡಿಕೊಂಡರಾಯಿತು.

ಸೂಪರ್‌ವೈಸರ್

2004ರಿಂದ ಇರುವ ಪೈಥಾನ್ ಸಾಧನ. ಸಿಸ್ಟಮ್‌ಡಿ ಬರುವ ಮುಂಚೆ ಇದು ನಮ್ಮ ಪಾಲಿನ ದೇವರಂತೆ ಇತ್ತು. ಈಗಲೂ ಒಂದು ಕೆಲಸಕ್ಕೆ ನಾನು ಇದನ್ನೇ ಆರಿಸುತ್ತೇನೆ: ಒಂದೇ ಥರದ ಎಂಟು-ಹತ್ತು ವರ್ಕರ್‌ಗಳನ್ನು (ಕೆಲಸ ಹಂಚಿಕೊಂಡು ಮಾಡುವ ಪ್ರೊಸೆಸ್‌ಗಳು) ಓಡಿಸುವಾಗ. ನಮ್‌ಪ್ರಾಕ್ಸ್=8 ಮತ್ತು ಹೆಸರಿಡುವ ಒಂದು ಸಾಲು ಸಾಕು. ಸೂಪರ್‌ವೈಸರ್‌ಸಿಟಿಎಲ್ ಸ್ಟೇಟಸ್ ಅಂದರೆ ಎಲ್ಲವೂ ಒಂದೇ ಪರದೆಯಲ್ಲಿ ಕಾಣುತ್ತವೆ, ಹೊಸಬರಿಗೂ ಅರ್ಥವಾಗುತ್ತದೆ. ಲಾಗ್ ಫೈಲ್ 50 ಎಂಬಿ ಆದ ಕೂಡಲೇ ತಾನೇ ತಿರುಗಿಸುತ್ತದೆ, ಹಳೆಯ 10 ಇಟ್ಟುಕೊಳ್ಳುತ್ತದೆ.

ಆದರೆ ಇಡೀ ಗುಂಪನ್ನೇ ನಿಲ್ಲಿಸುವ ಸ್ಟಾಪ್‌ಆಸ್‌ಗ್ರೂಪ್, ಕಿಲ್‌ಆಸ್‌ಗ್ರೂಪ್ ಸೆಟ್ಟಿಂಗ್ ಎರಡೂ ಮೊದಲಿಗೆ ಆಫ್ ಇರುತ್ತವೆ. ಅವನ್ನು ಆನ್ ಮಾಡದಿದ್ದರೆ ಅಪ್ಪ ಸತ್ತು ಮಕ್ಕಳು ಉಳಿಯಬಹುದು, ಪೋರ್ಟ್ (ನೆಟ್‌ವರ್ಕಿನ ಬಾಗಿಲ ನಂಬರ್) ಹಿಡಿದುಕೊಂಡೇ ಇರಬಹುದು. ಇನ್ನೊಂದು ವಿಷಯ: ಸೂಪರ್‌ವೈಸರನ್ನೇ ಬೂಟ್‌ನಲ್ಲಿ ಎಬ್ಬಿಸಲು ಇನ್ನೊಬ್ಬರು ಬೇಕು, ಈಗ ಆ ಕೆಲಸ ಮಾಡುವುದು ಸಿಸ್ಟಮ್‌ಡಿ. ಒಂದೇ ಪ್ರೋಗ್ರಾಂ ಇದ್ದರೆ ನಡುವೆ ಇವನೇಕೆ ಬೇಕು?

ಪಿಎಂ2: ನೋಡ್ ಬರೆಯುವವರಿಗೆ

ಕಾಣಕೋಣದ ಗೆಳೆಯನ ಬುಕಿಂಗ್ ಸೈಟ್ ನೋಡ್‌ನಲ್ಲಿ, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಲ್ಲಿ, ಬರೆದದ್ದು. ಪಿಎಂ2 ಸ್ಟಾರ್ಟ್ ಆಪ್.ಜೆಎಸ್ ಅಂದರೆ ಅದು ಓಡುತ್ತದೆ, ಬಿದ್ದರೆ ಏಳುತ್ತದೆ. ಕ್ಲಸ್ಟರ್ ಮೋಡ್‌ನಲ್ಲಿ ಎಷ್ಟು ಕೋರ್ ಇದೆಯೋ ಅಷ್ಟು ಕಾಪಿ ಓಡಿಸಬಹುದು. ಪಿಎಂ2 ರಿಲೋಡ್ ಅಂದರೆ ಒಂದೊಂದಾಗಿ ಹೊಸದು ಮಾಡುತ್ತದೆ, ಬರುವ ಗಿರಾಕಿಗೆ ಸೈಟ್ ಬಂದ್ ಆದದ್ದು ಗೊತ್ತಾಗುವುದಿಲ್ಲ. ಡಿಸೆಂಬರ್ ಸೀಸನ್‌ನಲ್ಲಿ ಹೋಂಸ್ಟೇಯವರಿಗೆ ಇದು ಸಣ್ಣ ಮಾತಲ್ಲ.

ಅವನ ಫಜೀತಿ ಬೇರೆ ಕಡೆ ಇತ್ತು. ಒಮ್ಮೆ ಸುಮ್ನೆ ಪಿಎಂ2 ಅಂದಿದ್ದ, ಇನ್ನೊಮ್ಮೆ ಸುಡೋ ಪಿಎಂ2, ಅಂದರೆ ರೂಟ್ ಹೆಸರಲ್ಲಿ, ಅಂದಿದ್ದ. ಪ್ರತಿ ಬಳಕೆದಾರನಿಗೂ ಪಿಎಂ2 ಬೇರೆ ಬೇರೆ. ಹೀಗೆ ಎರಡು ಪಿಎಂ2 ಆದವು, ಎರಡೂ 3000ನೇ ಪೋರ್ಟ್‌ಗೆ ಕಿತ್ತಾಡಿದವು. ಒಂದರ ಪಟ್ಟಿಯಲ್ಲಿ ಇನ್ನೊಂದು ಕಾಣುವುದೇ ಇಲ್ಲ. ಅವನು ಕಿಲ್ -9 ಕೊಡುತ್ತಿದ್ದ, ಮರುಕ್ಷಣ ಹೊಸ ನಂಬರ್ ಹೊತ್ತು ಅದೇ ಪ್ರೊಸೆಸ್ ಎದ್ದು ಬರುತ್ತಿತ್ತು. ಎಸ್‌ಎಸ್ -ಎಲ್‌ಟಿಎನ್‌ಪಿ ಕೊಟ್ಟು ಪೋರ್ಟ್ ಹಿಡಿದವನ ನಂಬರ್ ತೆಗೆದೆವು. ಪ್ರೊಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಕಮಾಂಡಿನಲ್ಲಿ ನೋಡಿದರೆ ಮಾಲೀಕ ರೂಟ್! ಸುಡೋ ಪಿಎಂ2 ಡಿಲೀಟ್ ಕೊಟ್ಟ ಮೇಲೆ ಗಲಾಟೆ ನಿಂತಿತು.

ಪಿಎಂ2 ಆರಿಸಿದರೆ ಮೂರು ಕೆಲಸ ಮರೆಯಬೇಡಿ. ಪಿಎಂ2 ಸ್ಟಾರ್ಟಪ್ ಅಂದಾಗ ಅದು ಒಂದು ಸಾಲು ತೋರಿಸುತ್ತದೆ, ಆ ಸಾಲನ್ನು ನೀವು ಓಡಿಸಬೇಕು. ಆಮೇಲೆ ಪಿಎಂ2 ಸೇವ್. ಇವಿಲ್ಲದೆ ರೀಬೂಟ್ ಆದರೆ ಪಟ್ಟಿ ಖಾಲಿ. ಮೂರನೆಯದು ಪಿಎಂ2-ಲಾಗ್‌ರೊಟೇಟ್ ಮಾಡ್ಯೂಲ್, ಇಲ್ಲದಿದ್ದರೆ ಲಾಗ್ ಬೆಳೆಯುತ್ತಲೇ ಇರುತ್ತದೆ. ಪೈಥಾನ್ ಅಥವಾ ಗೋ ಪ್ರೋಗ್ರಾಂ ಅನ್ನೂ ಇದರಲ್ಲಿ ಓಡಿಸಬಹುದು. ಆದರೆ ಅದಕ್ಕೋಸ್ಕರ ನೋಡ್ ಇನ್‌ಸ್ಟಾಲ್ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಡಾಕರ್

ಇದನ್ನು ಬರೀ ಕಾವಲುಗಾರ ಅಂತ ಆರಿಸಬೇಡಿ. ಡಾಕರ್ ಮೊದಲು ಪ್ಯಾಕಿಂಗ್ ಸಾಧನ. ಪ್ರೋಗ್ರಾಂ, ಅದರ ಲೈಬ್ರರಿಗಳು, ವರ್ಷನ್ ಎಲ್ಲ ಒಂದೇ ಡಬ್ಬಿಯಲ್ಲಿ. ನಿಮ್ಮಲ್ಲಿ ಎರಡು ಪ್ರೋಗ್ರಾಮಿಗೆ ಎರಡು ಬೇರೆ ಪೈಥಾನ್ ವರ್ಷನ್ ಬೇಕು, ಜೊತೆಗೆ ಡೇಟಾಬೇಸ್ ಇದೆ, ನಾಳೆ ಬೇರೆ ಸರ್ವರ್‌ಗೆ ಸಾಗಿಸಬೇಕು ಅಂದರೆ ಇದರಷ್ಟು ಅನುಕೂಲ ಬೇರೆ ಇಲ್ಲ. ಕಾವಲಿಗೆ ರೀಸ್ಟಾರ್ಟ್ ಪಾಲಿಸಿ ಇದೆ. ನಾನು ಹೆಚ್ಚಾಗಿ ಅನ್‌ಲೆಸ್-ಸ್ಟಾಪ್ಡ್ ಹಾಕುತ್ತೇನೆ. ನಾನೇ ನಿಲ್ಲಿಸಿದ್ದರೆ ರೀಬೂಟ್ ಆದ ಮೇಲೂ ನಿಂತೇ ಇರುತ್ತದೆ, ಇಲ್ಲದಿದ್ದರೆ ಏಳುತ್ತದೆ. ಡಾಕರ್ ಸರ್ವಿಸ್ ಮಾತ್ರ ಸಿಸ್ಟಮ್‌ಡಿಯಲ್ಲಿ ಎನೇಬಲ್ ಆಗಿರಬೇಕು.

ಗೊತ್ತಿಲ್ಲದೆ ಹೊಡೆತ ತಿನ್ನುವ ಜಾಗಗಳು ಇಲ್ಲಿ ಜಾಸ್ತಿ. ಲಾಗ್ ಜೆಸನ್ ಫೈಲಿಗೆ ಹೋಗುತ್ತದೆ, ಅದಕ್ಕೆ ಮೂಲದಲ್ಲಿ ಮಿತಿಯೇ ಇಲ್ಲ. ಮ್ಯಾಕ್ಸ್-ಸೈಜ್ ಹಾಕಲೇಬೇಕು. ಪೋರ್ಟ್ ಹೊರಗೆ ಕೊಟ್ಟರೆ ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸಿನ ಫೈರ್‌ವಾಲ್) ನಿಯಮ ಬರೆದುಕೊಳ್ಳುತ್ತದೆ. ಉಬುಂಟುವಿನ ಫೈರ್‌ವಾಲ್ ಸಾಧನ ಯುಎಫ್‌ಡಬ್ಲ್ಯುನಲ್ಲಿ ನೀವು ಮುಚ್ಚಿದ್ದೀರಿ ಅಂದುಕೊಂಡ ಡೇಟಾಬೇಸ್ ಪೋರ್ಟ್ ಇಂಟರ್‌ನೆಟ್‌ಗೆ ತೆರೆದಿರಬಹುದು. ಡೇಟಾಬೇಸನ್ನು ಯಾವಾಗಲೂ 127.0.0.1ಕ್ಕೆ, ಅಂದರೆ ಅದೇ ಮಷೀನಿನ ಒಳಗಿನ ವಿಳಾಸಕ್ಕೆ, ಮಾತ್ರ ಕಟ್ಟಿ. ಡಬ್ಬಿಯೊಳಗೆ ನಿಮ್ಮ ಪ್ರೋಗ್ರಾಮೇ ಒಂದನೇ ನಂಬರಿನ ಪ್ರೊಸೆಸ್ ಆಗುತ್ತದೆ. ಅದು ಟರ್ಮ್ ಸಿಗ್ನಲ್ ಕೇಳಿಸಿಕೊಳ್ಳುವ ಹಾಗೆ ಬರೆದಿಲ್ಲದಿದ್ದರೆ ಡಾಕರ್ ಸ್ಟಾಪ್ 10 ಸೆಕೆಂಡ್ ಕಾದು ಸಾಯಿಸುತ್ತದೆ. --ಇನಿಟ್ ಕೊಟ್ಟರೆ ಹೆಚ್ಚಿನ ಸಲ ಸರಿಹೋಗುತ್ತದೆ. 1 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಇರುವ ಸರ್ವರ್‌ನಲ್ಲಿ ಇಮೇಜ್‌ಗಳೇ (ಪ್ಯಾಕ್ ಮಾಡಿದ ಡಬ್ಬಿಗಳ ಫೈಲುಗಳು) ಜಾಗ ತಿಂದುಬಿಡುತ್ತವೆ.

ಹಾಗಾದರೆ ನಿಮಗೆ ಯಾವುದು?

ಒಂದೇ ಮಷೀನ್, ಒಂದೆರಡು ಪ್ರೋಗ್ರಾಂ, ಕಡಿಮೆ ರ‍್ಯಾಮ್ ಅಂದರೆ ನಾನು ಯೋಚನೆ ಮಾಡದೆ ಸಿಸ್ಟಮ್‌ಡಿ ಅನ್ನುತ್ತೇನೆ. ಬೇರೆಯದನ್ನು ಆರಿಸಲು ಒಂದು ನಿರ್ದಿಷ್ಟ ಕಾರಣ ಇರಬೇಕು, ಅದನ್ನು ಒಂದು ವಾಕ್ಯದಲ್ಲಿ ಹೇಳಲು ಬರಬೇಕು. "ನೋಡ್ ಸೈಟ್, ಅಪ್‌ಡೇಟ್ ಮಾಡುವಾಗ ಒಂದು ಸೆಕೆಂಡೂ ನಿಲ್ಲಬಾರದು" ಅಂದರೆ ಪಿಎಂ2. "ಒಂದೇ ಥರದ ಹತ್ತು ವರ್ಕರ್" ಅಂದರೆ ಸೂಪರ್‌ವೈಸರ್. "ನಾಲ್ಕು ಜನರ ಟೀಮು, ಎಲ್ಲರ ಲ್ಯಾಪ್‌ಟಾಪಿನಲ್ಲೂ ಸರ್ವರ್‌ನಲ್ಲೂ ಒಂದೇ ಥರ ಓಡಬೇಕು" ಅಂದರೆ ಡಾಕರ್. "ಎಲ್ಲರೂ ಅದನ್ನೇ ಹೇಳುತ್ತಾರೆ" ಅನ್ನುವುದು ಕಾರಣ ಅಲ್ಲ.

ಯಾವುದನ್ನೇ ಆರಿಸಿ, ಒಂದು ಪ್ರೋಗ್ರಾಮಿಗೆ ಒಬ್ಬನೇ ಕಾವಲುಗಾರ ಇರಲಿ. ಬೇರೆಯವರು ಬಿಟ್ಟುಹೋದ ಸರ್ವರ್ ನಿಮ್ಮ ಕೈಗೆ ಬಂದು, ಯಾವ ಪ್ರೊಸೆಸ್ ಯಾರದ್ದು ಅಂತ ತಿಳಿಯದಿದ್ದರೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಮುಂದೆ ಆ ಪ್ರೊಸೆಸ್ಸಿನ ನಂಬರ್ ಕೊಡಿ. ಅದು ಯಾವ ಸರ್ವಿಸ್ ಅಥವಾ ಸೆಷನ್‌ಗೆ ಸೇರಿದ್ದು ಅಂತ ಹೇಳಿಬಿಡುತ್ತದೆ. ಕಿಲ್ -9ಕ್ಕೆ ಕೈ ಹಾಕುವ ಮುಂಚೆ ಇದನ್ನು ಮಾಡಿ.

ಸೆಟ್ ಮಾಡಿದ ಮೇಲೆ ಎರಡು ಪರೀಕ್ಷೆ ಆಗಲೇಬೇಕು. ಪ್ರೋಗ್ರಾಮನ್ನು ನೀವೇ ಒಮ್ಮೆ ಕಿಲ್ -9 ಕೊಟ್ಟು ಬೀಳಿಸಿ, ಏಳುತ್ತದಾ ನೋಡಿ. ಆಮೇಲೆ ಮಷೀನನ್ನೇ ರೀಬೂಟ್ ಮಾಡಿ, ಲಾಗಿನ್ ಆಗದೆ, ಹೊರಗಿನಿಂದ ನೋಡಿ. ಭೋಸರಿಯಲ್ಲಿ ನಾನು ಮೊದಲ ಸಲ ಈ ಎರಡನೆಯದನ್ನೇ ಮಾಡಿರಲಿಲ್ಲ.

ಈಗ ಆ ಡೆಸ್ಕ್‌ಟಾಪಿನ ಮಾನಿಟರ್ ಪಕ್ಕ ಒಂದು ಚೀಟಿ ಅಂಟಿಸಿದೆ. ಸ್ಟೇಟಸ್, ರೀಸ್ಟಾರ್ಟ್, ಲಾಗ್ ನೋಡುವುದು: ಮೂರು ಕಮಾಂಡ್, ಪಕ್ಕದಲ್ಲಿ ಮರಾಠಿ ಮತ್ತು ಕನ್ನಡದಲ್ಲಿ ಅರ್ಥ. ಅಲ್ಲಿ ಬಿಲ್ ಬರೆಯುವ ಹುಡುಗ ಶುಕ್ರವಾರ ಬೆಳಿಗ್ಗೆ ಬಂದ ಕೂಡಲೇ ಮೊದಲನೆಯದನ್ನು ಹೊಡೆಯುತ್ತಾನೆ. ಹಸಿರು ಚುಕ್ಕೆ ಕಂಡರೆ ಕಾಕಾರಿಗೆ "ಚಾಲೂ ಆಹೇ" (ನಡೀತಾ ಇದೆ) ಅಂತ ಕೂಗಿ ಹೇಳಿ ಚಹಾಕ್ಕೆ ಹೋಗುತ್ತಾನೆ.